ಹೊಗೆ ಯಾರ ಮನೆಯದು?

1943ರ ಜುಲೈ 26ರಂದು ಅಮೆರಿಕದ ಲಾಸ್ ಏಂಜಲೀಸ್ ನಗರದ ಮೇಲೆ ದಟ್ಟವಾದ ಮಬ್ಬು ಕವಿಯಿತು. ಜನರ ಕಣ್ಣು ಉರಿದು ನೀರು ಸುರಿಯಿತು, ಗಂಟಲು ಕೆರೆಯಿತು. ಮೂರು ಬೀದಿಯಾಚೆಗಿನ ಕಟ್ಟಡ ಕಾಣದಾಯಿತು. ಎರಡನೆಯ ಮಹಾಯುದ್ಧದ ಕಾಲವಾದ್ದರಿಂದ ಜಪಾನೀಯರು ವಿಷಾನಿಲ ಬಿಟ್ಟಿರಬೇಕೆಂದು ಕೆಲವರು ಹೆದರಿದರು. ತಪ್ಪು ಬೇರೆ ಯಾರದ್ದೋ ಇರಬೇಕು ಎಂಬ ಊಹೆಯಿಂದ ಹೊರಬರಲು ಆ ಊರಿಗೆ ಬಹಳ ವರ್ಷಗಳೇ ಹಿಡಿದವು.

ಮೊದಲು ಕೃತಕ ರಬ್ಬರಿನ ಕಚ್ಚಾವಸ್ತು ತಯಾರಿಸುತ್ತಿದ್ದ ಕಾರ್ಖಾನೆಯೊಂದರ ಮೇಲೆ ಆರೋಪ ಬಂತು. ಅದನ್ನು ಕೆಲಕಾಲ ನಿಲ್ಲಿಸಿದರೂ ಮಬ್ಬು ಹೋಗಲಿಲ್ಲ. 1947ರಲ್ಲಿ ವಾಯುಮಾಲಿನ್ಯ ನಿಯಂತ್ರಣಕ್ಕೆಂದೇ ಒಂದು ಸಂಸ್ಥೆ ಹುಟ್ಟಿ, ಕಾರ್ಖಾನೆಗಳ ಚಿಮಣಿಗಳಿಗೆ ಕಡಿವಾಣ ಹಾಕಿತು. ಆದರೂ ಆಕಾಶ ತಿಳಿಯಾಗಲಿಲ್ಲ.

ಈ ಒಗಟನ್ನು ಬಿಡಿಸಿದವರು ಅನಾನಸ್ ಹಣ್ಣಿನ ಪರಿಮಳವನ್ನು ಅಧ್ಯಯನ ಮಾಡುತ್ತಿದ್ದ ಒಬ್ಬ ವಿಜ್ಞಾನಿ. ಪಕ್ಕದ ಪಾಸಡೀನಾದ ಕ್ಯಾಲ್‌ಟೆಕ್‌ನಲ್ಲಿದ್ದ, ಡಚ್ ಮೂಲದ ಆರೀ ಹಾಗೆನ್-ಸ್ಮಿತ್ ಅವರು ಹಣ್ಣಿನ ಘಮವನ್ನು ಹಿಡಿಯುತ್ತಿದ್ದ ವಿಧಾನದಿಂದಲೇ ಊರಿನ ಗಾಳಿಯನ್ನೂ ಪರೀಕ್ಷಿಸಿದರು. ಪೂರ್ತಿ ಉರಿಯದ ಪೆಟ್ರೋಲಿನ ಆವಿ ಮತ್ತು ಎಂಜಿನ್ ಉಗುಳುವ ನೈಟ್ರೋಜನ್ ಆಕ್ಸೈಡುಗಳು ಬಿಸಿಲಿನಲ್ಲಿ ಬೆರೆತು ಓಝೋನ್ ಆಗುತ್ತವೆ. ಕಣ್ಣುರಿಗೂ ರಬ್ಬರ್ ಬಿರುಕು ಬಿಡುವುದಕ್ಕೂ ಈ ರಸಾಯನವೇ ಮೂಲ ಎಂದು 1952ರ ಹೊತ್ತಿಗೆ ತೋರಿಸಿಕೊಟ್ಟರು. ಅಂದರೆ ಹೊಗೆಯ ಒಂದು ದೊಡ್ಡ ಪಾಲು ಜನರ ಮನೆಮುಂದಿನ ಕಾರುಗಳಿಂದಲೇ ಬರುತ್ತಿತ್ತು.

ಈ ಮಾತು ಯಾರಿಗೂ ಹಿಡಿಸಲಿಲ್ಲ. ತೈಲ ಉದ್ಯಮದ ಹಣದಲ್ಲಿ ನಡೆದ ಸಂಶೋಧನೆ ಇದನ್ನು ಪ್ರಶ್ನಿಸಿತು. ಜನರಿಗೂ ಇದು ಕಸಿವಿಸಿಯ ಸಂಗತಿ. ಮೊದಲು ಬಿಡಬೇಕಾಗಿ ಬಂದದ್ದು ಹಿತ್ತಿಲಲ್ಲಿ ಕಸ ಸುಡುವ ಒಲೆಯನ್ನು. 1957ರಲ್ಲಿ ಅದಕ್ಕೆ ನಿಷೇಧ ಬಂತು. ತಮ್ಮ ಪಾಲಿನ ಹೊಗೆ ಆರಿಸಿದ ಮೇಲೆ ಜನರ ದನಿಗೂ ತೂಕ ಬಂತು. 1958ರಲ್ಲಿ ಕೆಲವು ಗೃಹಿಣಿಯರು ‘ಸ್ಟ್ಯಾಂಪ್ ಔಟ್ ಸ್ಮಾಗ್’ ಎಂಬ ಸಂಘಟನೆ ಕಟ್ಟಿ, ಕಾರು ತಯಾರಕರನ್ನೂ ಸರ್ಕಾರವನ್ನೂ ಬೆನ್ನು ಹತ್ತಿದರು. 1966ರ ಮಾದರಿಯ ಹೊಸ ಕಾರುಗಳ ಹೊಗೆಗೆ ಕ್ಯಾಲಿಫೋರ್ನಿಯಾ ಮಿತಿ ಹಾಕಿತು. ಹೊಗೆ ತಡೆಯುವ ಸಾಧನಗಳನ್ನು ಕಂಪನಿಗಳು ಒಳಒಪ್ಪಂದ ಮಾಡಿಕೊಂಡು ತಡಮಾಡಿವೆ ಎಂದು 1969ರಲ್ಲಿ ಅಮೆರಿಕ ಸರ್ಕಾರವೇ ಮೊಕದ್ದಮೆ ಹೂಡಿ, ಕೊನೆಗೆ ರಾಜಿಯಲ್ಲಿ ಮುಗಿಸಿತು. 1975ರ ಮಾದರಿಯ ಹೆಚ್ಚಿನ ಕಾರುಗಳಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಬಂತು. ಸೀಸ ಬೆರೆತ ಪೆಟ್ರೋಲ್ ಅದನ್ನು ಹಾಳುಮಾಡುತ್ತಿದ್ದುದರಿಂದ ಸೀಸವೂ ಕ್ರಮೇಣ ಹೊರನಡೆಯಿತು.

ಆದರೆ ಆ ಊರು ಒಂದು ಕೈಯಲ್ಲಿ ಗಳಿಸಿದ್ದನ್ನು ಇನ್ನೊಂದು ಕೈಯಲ್ಲಿ ಕಳೆಯಿತು. ಶುದ್ಧ ಗಾಳಿಗಾಗಿ ಹೋರಾಟ ನಡೆದ ಅದೇ ವರ್ಷಗಳಲ್ಲಿ ಅಲ್ಲಿನ ವಿದ್ಯುತ್ ರೈಲುಗಳು ಮುಚ್ಚಿಹೋದವು. ಲಾಂಗ್ ಬೀಚ್‌ಗೆ ಹೋಗುತ್ತಿದ್ದ ಮಾರ್ಗ 1961ರಲ್ಲಿ ನಿಂತಿತು. 1990ರಲ್ಲಿ ಬಹುಪಾಲು ಅದೇ ದಾರಿಯಲ್ಲಿ ಮತ್ತೆ ರೈಲು ಓಡಿಸಬೇಕಾಯಿತು.

ಈ ಚರಿತ್ರೆಯ ಒಂದು ತುಂಡು ನಮ್ಮ ವಾಹನಗಳಲ್ಲೂ ಇದೆ. 1995ರಲ್ಲಿ ಭಾರತದ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಕನ್ವರ್ಟರ್ ಕಡ್ಡಾಯವಾಯಿತು. 2000ದ ಫೆಬ್ರುವರಿಯಿಂದ ದೇಶವಿಡೀ ಸೀಸರಹಿತ ಪೆಟ್ರೋಲ್ ಬಂತು. ಇಂದು ಬೆಂಗಳೂರಿನ ಹೊಸ ಸ್ಕೂಟರಿನ ಸೈಲೆನ್ಸರಿನೊಳಗೂ ಆ ಸಾಧನವಿದೆ. ಅದಕ್ಕೊಂದು ಮಿತಿಯೂ ಇದೆ: ಚೆನ್ನಾಗಿ ಬಿಸಿಯಾಗುವವರೆಗೆ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ಬೀದಿ ಕೊನೆಯ ಅಂಗಡಿಗೆ ಹಾಲು ತರಲು ಸ್ಕೂಟರ್ ಹತ್ತಿದರೆ, ಅದು ಬಿಸಿಯಾಗುವ ಮೊದಲೇ ನಾವು ಮನೆಗೆ ಮರಳಿರುತ್ತೇವೆ. ಹಾಗಾಗಿ ಕಿಲೋಮೀಟರ್ ಲೆಕ್ಕದಲ್ಲಿ ಅತಿ ಹೆಚ್ಚು ಹೊಗೆ ಬಿಡುವುದು ಇಂಥ ಗಿಡ್ಡ ಪ್ರಯಾಣಗಳೇ. ಪೆಟ್ರೋಲ್ ಸರಿಯಾಗಿ ಉರಿಯದ ಎಂಜಿನ್ ಆ ಸಾಧನವನ್ನೇ ಸುಟ್ಟುಬಿಡಬಲ್ಲದು. ಎಮಿಷನ್ ಟೆಸ್ಟ್ ಬರೀ ಪೊಲೀಸರಿಗೆ ತೋರಿಸುವ ಚೀಟಿಯಾದರೆ ಇದು ಗೊತ್ತಾಗುವುದೇ ಇಲ್ಲ.

ಬಸ್ಸು ಕೊಡಿ, ನಡೆಯಲು ಪಾದಚಾರಿ ದಾರಿ ಕೊಡಿ ಎಂದು ಕೇಳುವುದು ನಮ್ಮ ಹಕ್ಕು. ಹಾಲಿನಂಗಡಿಗೆ ನಡೆದೇ ಹೋಗುವವರು ಅದನ್ನು ಇನ್ನಷ್ಟು ಗಟ್ಟಿಯಾಗಿ ಕೇಳಬಹುದು.