ಅಮಿಲಾಯ್ಡ್: ಒಂದು ಹೆಸರು ಹಾಗೂ ಒಂದು ಇಲಿಯ ಚರಿತ್ರೆ

ವಸ್ತುವಿನ ಸ್ವರೂಪ ತಿಳಿಯುವ ಮೊದಲೇ ಅದಕ್ಕೆ ಹೆಸರು ಅಂಟಿಕೊಳ್ಳುವುದು ಜಾನಪದ ವಿದ್ವಾಂಸರಿಗೆ ಪರಿಚಿತವಾದ ಸಂಗತಿ. ಪ್ರಯೋಗಾಲಯದ ವಿಜ್ಞಾನವೂ ಇದಕ್ಕೆ ಹೊರತಲ್ಲ ಎಂಬುದಕ್ಕೆ ‘ಅಮಿಲಾಯ್ಡ್’ ಪದದ ಚರಿತ್ರೆ ಉತ್ತಮ ನಿದರ್ಶನವಾಗಿದೆ.

1854ರಲ್ಲಿ ಜರ್ಮನಿಯ ರುಡಾಲ್ಫ್ ವಿರ್ಕೋ ಅವರು ನರಮಂಡಲದ ಕೆಲವು ಕಣಗಳಿಗೆ ಅಯೋಡಿನ್ ಸೋಕಿಸಿದಾಗ ಅವು ನೀಲಿಗೆ ತಿರುಗಿದವು. ಇದು ಪಿಷ್ಟದ ಲಕ್ಷಣವಾದ್ದರಿಂದ ಅವರು ಅವನ್ನು ಅಮಿಲಾಯ್ಡ್, ಅಂದರೆ ಪಿಷ್ಟಸದೃಶ ಎಂದು ಕರೆದರು. 1859ರಲ್ಲಿ ಫ್ರೀಡ್ರೈಕ್ ಮತ್ತು ಕೆಕ್ಯುಲೆ ಅವರು ಅಂಗಾಂಶಗಳಲ್ಲಿ ಸಂಚಯಗೊಳ್ಳುವ ಅಮಿಲಾಯ್ಡ್ ಪಿಷ್ಟವಲ್ಲ, ಪ್ರೋಟೀನ್ ಸ್ವರೂಪದ್ದು ಎಂದು ತೋರಿಸಿದರು. ಅರ್ಥ ಬಿದ್ದುಹೋಯಿತು, ಹೆಸರು ಉಳಿಯಿತು.

1984ರಲ್ಲಿ ಗ್ಲೆನರ್ ಮತ್ತು ವಾಂಗ್ ಅವರು ಆಲ್ಜೈಮರ್ ರೋಗಿಗಳ ಮಿದುಳಿನ ರಕ್ತನಾಳಗಳಿಂದ ಬೀಟಾ ಅಮಿಲಾಯ್ಡನ್ನು ಬೇರ್ಪಡಿಸಿದರು. ಸಾಮಾನ್ಯ ಇಲಿಗಳಿಗೆ ಈ ರೋಗ ಬರುವುದಿಲ್ಲ. ಅವುಗಳ ಬೀಟಾ ಅಮಿಲಾಯ್ಡ್ ಮಾನವನದಕ್ಕಿಂತ ಮೂರು ಅಮೈನೋ ಆಮ್ಲಗಳಲ್ಲಿ ಭಿನ್ನವಾಗಿದೆ. ಆದಕಾರಣ ಮಾನವನ ವಿಕೃತ ವಂಶವಾಹಿಯನ್ನೇ ಇಲಿಗೆ ಸೇರಿಸಬೇಕಾಯಿತು. 1995ರಲ್ಲಿ ವರದಿಯಾದ ಪಿಡಿಎಪಿಪಿ ಇಲಿಗಳಲ್ಲಿಯೂ, 1996ರ ಟಿಜಿ2576 ಇಲಿಗಳಲ್ಲಿಯೂ ವಯಸ್ಸಾದಂತೆ ಮಿದುಳಿನಲ್ಲಿ ಅಮಿಲಾಯ್ಡ್ ಗಂಟುಗಳು ಕಾಣಿಸಿಕೊಂಡವು. ಎರಡನೆಯ ತಳಿಗೆ ಬಳಸಿದ ವಿಕೃತಿಯು ಸ್ವೀಡನ್ನಿನ ಒಂದು ಕುಟುಂಬದಲ್ಲಿ ಪತ್ತೆಯಾಗಿತ್ತು.

1999ರಲ್ಲಿ ಪಿಡಿಎಪಿಪಿ ಇಲಿಗಳಿಗೆ ಬೀಟಾ ಅಮಿಲಾಯ್ಡನ್ನೇ ಲಸಿಕೆಯಾಗಿ ನೀಡಿದಾಗ, ಎಳೆಯ ಇಲಿಗಳಲ್ಲಿ ಸಂಚಯವು ಬಹುಮಟ್ಟಿಗೆ ಆಗಲಿಲ್ಲ. ಈ ಭರವಸೆಯಿಂದ ನಡೆದ ಮಾನವ ಪ್ರಯೋಗವನ್ನು 2002ರಲ್ಲಿ ನಿಲ್ಲಿಸಬೇಕಾಯಿತು. ಲಸಿಕೆ ಪಡೆದ 298 ಮಂದಿಯಲ್ಲಿ 18 ಮಂದಿಗೆ ಮಿದುಳು ಮತ್ತು ಅದರ ಪೊರೆಯ ಉರಿಯೂತವುಂಟಾಗಿತ್ತು. ಮಾನವನ ರೋಗದಲ್ಲಿ ಕಾಣುವ ಟಾವ್ ಪ್ರೋಟೀನಿನ ಸಿಕ್ಕುಗಳಾಗಲಿ, ವ್ಯಾಪಕವಾದ ನರಕೋಶನಾಶವಾಗಲಿ ಈ ಇಲಿಗಳಲ್ಲಿ ಇರಲಿಲ್ಲವೆಂಬುದು ಇಲ್ಲಿ ಗಮನಾರ್ಹ. ಟಿಜಿ2576 ಇಲಿಗಳನ್ನಾಧರಿಸಿ 2006ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಗಿ ಬಹುವಾಗಿ ಉಲ್ಲೇಖಗೊಂಡ ಒಂದು ಲೇಖನವು, ಚಿತ್ರಗಳನ್ನು ತಿದ್ದಿದ ಲಕ್ಷಣಗಳು ಕಂಡುಬಂದುದರಿಂದ 2024ರಲ್ಲಿ ಹಿಂತೆಗೆಯಲ್ಪಟ್ಟಿತು.

ಇದರಿಂದ ಇಡೀ ಸಿದ್ಧಾಂತವೇ ಬಿದ್ದುಹೋಯಿತೆನ್ನಲಾಗದು. 2023ರಲ್ಲಿ ಅಮೆರಿಕದಲ್ಲಿ ಪೂರ್ಣ ಅನುಮೋದನೆ ಪಡೆದ ಲೆಕಾನೆಮ್ಯಾಬ್ ಔಷಧವು ಅಮಿಲಾಯ್ಡನ್ನು ತಗ್ಗಿಸಿ ರೋಗದ ಗತಿಯನ್ನು ತುಸು ನಿಧಾನಗೊಳಿಸುತ್ತದೆ, ಗುಣಪಡಿಸುವುದಿಲ್ಲ. ಕಥನವೊಂದರ ಅನೇಕ ಪಾಠಾಂತರಗಳನ್ನು ತೌಲನಿಕವಾಗಿ ನೋಡದೆ ನಿರ್ಣಯಕ್ಕೆ ಬರಬಾರದೆಂಬುದು ಜಾನಪದ ಅಧ್ಯಯನದ ಮೂಲಪಾಠ. ಇಲಿಯ ಮಿದುಳೂ ಅಂಥ ಒಂದು ಪಾಠಾಂತರ. ಅದನ್ನೇ ಮೂಲವೆಂದು ಓದಿದ್ದರ ಬೆಲೆಯನ್ನು ರೋಗಿಗಳು ತೆರಬೇಕಾಯಿತು.