ಹೇಳದೆ ಉಳಿದ ಮಾತ್ರೆ

1996ರಲ್ಲಿ ಎಚ್‌ಐವಿ ಚಿಕಿತ್ಸೆಯ ಚರಿತ್ರೆಯೇ ಬದಲಾಯಿತು. ಅಮೆರಿಕದಲ್ಲಿ ಆ ವರ್ಷ ಅನುಮತಿ ಪಡೆದ ಇಂಡಿನಾವಿರ್, ರಿಟೊನಾವಿರ್ ಔಷಧಗಳನ್ನು ಬೇರೆ ಔಷಧಗಳೊಂದಿಗೆ ಕೊಟ್ಟಾಗ, ಸಾವಿನ ದಿನ ಎಣಿಸುತ್ತಿದ್ದವರೂ ಎದ್ದು ಕೂತರು. ಅವರಲ್ಲಿ ಅನೇಕರನ್ನು ಖಿನ್ನತೆಯೂ ಕಾಡುತ್ತಿತ್ತು. ಕೆಲವರು ವೈದ್ಯರ ಚೀಟಿಯಿಲ್ಲದೆ ಸಿಗುತ್ತಿದ್ದ ಸೇಂಟ್ ಜಾನ್ಸ್ ವರ್ಟ್ ಎಂಬ ಮೂಲಿಕೆಯ ಮೊರೆ ಹೋದರು. ಹಳದಿ ಹೂವಿನ ಗಿಡ, ಅದರಿಂದ ಅಪಾಯವೇನು?

ಉತ್ತರ ಯಕೃತ್ತಿನಲ್ಲಿತ್ತು. ಅಲ್ಲಿನ ಸಿವೈಪಿ3ಎ4 ಎಂಬ ಕಿಣ್ವ ಹಲವು ಔಷಧಗಳನ್ನು ಒಡೆದುಹಾಕುತ್ತದೆ. ಈ ಮೂಲಿಕೆ ಆ ಕಿಣ್ವವನ್ನು ಹೆಚ್ಚಿಸುತ್ತದೆ. 2000ದಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಸಂಶೋಧಕರು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇದನ್ನು ತೋರಿಸಿದರು: 8 ಮಂದಿ ಆರೋಗ್ಯವಂತರು ಎರಡು ವಾರ ಮೂಲಿಕೆ ಸೇವಿಸಿದ ಮೇಲೆ, ಅವರ ರಕ್ತದಲ್ಲಿ ಇಂಡಿನಾವಿರ್ ಸರಾಸರಿ ಶೇ. 57ರಷ್ಟು ಇಳಿದಿತ್ತು. ಔಷಧ ಅಷ್ಟು ಕಡಿಮೆಯಾದರೆ ವೈರಸ್ ಅದಕ್ಕೆ ಬಗ್ಗದಂತಾಗಬಹುದು.

ರಿಟೊನಾವಿರ್ ಇದಕ್ಕೆ ತದ್ವಿರುದ್ಧ. ಅದೇ ಕಿಣ್ವವನ್ನು ಅದು ಕಟ್ಟಿಹಾಕುತ್ತದೆ. ಜೊತೆಗಿನ ಔಷಧ ದೇಹದಲ್ಲಿ ಹೆಚ್ಚು ಹೊತ್ತು ಉಳಿಯಲಿ ಎಂದು ವೈದ್ಯರು ಈ ಗುಣವನ್ನೇ ಬಳಸಿಕೊಂಡರು. 2021ರ ಕೊನೆಗೆ ಬಂದ ಕೋವಿಡ್ ಮಾತ್ರೆ ಪ್ಯಾಕ್ಸ್‌ಲೋವಿಡ್‌ನಲ್ಲೂ ಅದಿದೆ. ಆದರೆ ಮನೋವೈದ್ಯರು ಕೊಡುವ ಕ್ವೆಟಿಯಾಪಿನ್ ಕೂಡ ಆಗ ರಕ್ತದಲ್ಲಿ ಏರುತ್ತದೆ. ಪಿಮೊಜೈಡ್ ಏರಿದರೆ ಹೃದಯದ ಬಡಿತವೇ ಹದ ತಪ್ಪಬಹುದು.

ಜ್ವರದ ಮಾತ್ರೆಯನ್ನು ಮೇಜಿನ ಮೇಲಿಡುವ ನಾವು ಮನಸ್ಸಿನ ಮಾತ್ರೆಯನ್ನು ಬೀರುವಿನಲ್ಲಿ ಅಡಗಿಸುತ್ತೇವೆ. ‘ಬೇರೇನಾದರೂ ತಗೋತೀರಾ?’ ಎಂದು ವೈದ್ಯರು ಕೇಳಿದರೆ ‘ಇಲ್ಲ’ ಎನ್ನುತ್ತೇವೆ. ಯಕೃತ್ತಿಗೆ ಈ ನಾಚಿಕೆ ಗೊತ್ತಿಲ್ಲ. ಹೇಳಿಕೊಂಡರೆ ವೈದ್ಯರು ಪ್ರಮಾಣ ಬದಲಿಸಬಹುದು, ಬೇರೆ ಔಷಧ ಆರಿಸಬಹುದು.