ಚೆಕ್ಕು ಯಾರ ಹೆಸರಿಗೆ?

ಬೆಳೆ ಬೆಳೆಯದೆ ಇರುವುದಕ್ಕೆ ಅಮೆರಿಕದ ಸರ್ಕಾರ ರೈತರಿಗೆ ಹಣ ಕೊಡಲು ಶುರುಮಾಡಿದ್ದು 1933ರಲ್ಲಿ. ಆರ್ಥಿಕ ಕುಸಿತದ ಆ ದಿನಗಳಲ್ಲಿ ಹತ್ತಿಯ ಬೆಲೆ ನೆಲಕಚ್ಚಿತ್ತು. ಬೆಳೆ ಕಡಿಮೆಯಾದರೆ ಬೆಲೆ ಏರುತ್ತದೆ ಎಂಬ ಲೆಕ್ಕದಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಮೇ ತಿಂಗಳಲ್ಲಿ ಹೊಸ ಕೃಷಿ ಕಾಯ್ದೆಗೆ ಸಹಿ ಹಾಕಿದರು. ಆ ಬೇಸಿಗೆಯಲ್ಲೇ ಸುಮಾರು 1 ಕೋಟಿ ಎಕರೆಯಲ್ಲಿ ನಿಂತಿದ್ದ ಹತ್ತಿಯನ್ನು ಉತ್ತು ಮಣ್ಣಿಗೆ ಸೇರಿಸಲಾಯಿತು. ಸರ್ಕಾರ ಪರಿಹಾರ ಕೊಟ್ಟಿತು, ಬೆಲೆಯೂ ಏರಿತು.

ಆ ಹಣ ಯಾರ ಕೈಸೇರಿತು ಎಂಬುದಕ್ಕೆ ಆರ್ಕನ್ಸಾ ರಾಜ್ಯದ ಪಾಯಿನ್ಸೆಟ್ ಕೌಂಟಿಯನ್ನು ನೋಡಬೇಕು. ಅಲ್ಲಿನ ದೊಡ್ಡ ಹತ್ತಿ ಎಸ್ಟೇಟುಗಳಲ್ಲಿ ದುಡಿಯುತ್ತಿದ್ದವರು ಸ್ವಂತ ನೆಲವಿಲ್ಲದ ಬಿಳಿಯರು ಮತ್ತು ಕಪ್ಪು ಜನ. ಧಣಿ ಹೊಲ, ಬೀಜ, ಹೇಸರಗತ್ತೆ, ಇರಲೊಂದು ಗುಡಿಸಲು ಕೊಡುತ್ತಿದ್ದ. ಒಕ್ಕಲಿಗೆ ಅರ್ಧ ಬೆಳೆ. ನಮ್ಮ ಕಡೆ ಕೋರು, ಪಾಲು ಎಂದು ಕರೆಯುವಂಥ ಏರ್ಪಾಡು.

ಆದರೆ ಸರ್ಕಾರ ಒಪ್ಪಂದ ಮಾಡಿಕೊಂಡದ್ದು ಧಣಿಯ ಜೊತೆ. 1934–35ರ ಒಪ್ಪಂದದ ಲೆಕ್ಕದಲ್ಲಿ ಪೌಂಡಿಗೆ ನಾಲ್ಕೂವರೆ ಸೆಂಟ್ ಸಿಗುತ್ತಿತ್ತು. ಅದರಲ್ಲಿ ಮೂರೂವರೆ ಸೆಂಟ್ ನೆಲದ ಬಾಡಿಗೆ ಎಂದು ಪೂರ್ತಿಯಾಗಿ ಧಣಿಗೆ ಹೋಗುತ್ತಿತ್ತು; ಉಳಿದ ಒಂದು ಸೆಂಟಿನಲ್ಲಿ ಅರ್ಧ ಒಕ್ಕಲಿಗೆ. ಬೆಳೆಯಲ್ಲಿ ಅರ್ಧ ಪಾಲಿದ್ದವನಿಗೆ ಸಹಾಯಧನದಲ್ಲಿ ಒಂಬತ್ತರಲ್ಲಿ ಒಂದು ಪಾಲು. ಅದನ್ನೂ ಧಣಿ ಹಳೆ ಸಾಲಕ್ಕೆ ಮುರಿದುಕೊಳ್ಳುತ್ತಿದ್ದುದುಂಟು.

ಬಿತ್ತುವ ನೆಲ ಕಡಿಮೆಯಾದ ಮೇಲೆ ಅಷ್ಟು ಕೈಗಳೂ ಬೇಕಿರಲಿಲ್ಲ. ಒಕ್ಕಲೆಬ್ಬಿಸುವುದು ಶುರುವಾಯಿತು. ಒಪ್ಪಂದದ 7ನೆಯ ಅಂಶ ಇದನ್ನು ತಡೆಯಬೇಕಿತ್ತು: ಧಣಿ ‘ಸಾಧ್ಯವಾದ ಮಟ್ಟಿಗೆ’ ಎಂದಿನ ಸಂಖ್ಯೆಯ ಒಕ್ಕಲುಗಳನ್ನು ಇಟ್ಟುಕೊಳ್ಳಬೇಕು ಎಂದು ಅದು ಹೇಳುತ್ತಿತ್ತು. ಸಾಧ್ಯವೋ ಇಲ್ಲವೋ ಎಂದು ತೀರ್ಮಾನಿಸುವವನು ಧಣಿ. ದೂರು ಕೊಡಲು ಕೌಂಟಿ ಸಮಿತಿಗೆ ಹೋದರೆ ಅಲ್ಲಿಯೂ ಧಣಿಗಳದ್ದೇ ಮಾತು.

1934ರ ಜುಲೈನಲ್ಲಿ ಟೈರೊನ್ಜಾ ಊರಿನ ಬಳಿ ಹನ್ನೊಂದು ಮಂದಿ ಬಿಳಿಯರು, ಏಳು ಮಂದಿ ಕಪ್ಪು ಜನ ಒಟ್ಟಿಗೆ ಕೂತು ಸದರ್ನ್ ಟೆನೆಂಟ್ ಫಾರ್ಮರ್ಸ್ ಯೂನಿಯನ್ ಕಟ್ಟಿದರು. ಬಣ್ಣ ನೋಡಿ ಶಾಲೆ, ರೈಲು ಡಬ್ಬಿಗಳನ್ನೂ ಬೇರೆ ಮಾಡಿದ್ದ ನಾಡಿನಲ್ಲಿ ಅದು ಸಣ್ಣ ಸಂಗತಿಯಲ್ಲ. ಸಂಘದವರ ಮೇಲೆ ಹಲ್ಲೆ, ಗುಂಡಿನ ದಾಳಿಗಳಾದವು.

ಅವರ ದೂರು ವಾಷಿಂಗ್ಟನ್ ಮುಟ್ಟಿದಾಗ ಜಗಳ ನಿಂತದ್ದು ಆ ಒಂದು ವಾಕ್ಯದ ಅರ್ಥದ ಮೇಲೆ. ‘ಅಷ್ಟೇ ಸಂಖ್ಯೆ’ ಎಂದರೆ ಅದೇ ಜನರೋ, ಅಷ್ಟು ತಲೆಗಳೋ? ಅದೇ ಜನರೆಂದು ಇಲಾಖೆಯ ವಕೀಲರು ಓದಿದರು. 1935ರ ಫೆಬ್ರವರಿಯಲ್ಲಿ ಆ ಆದೇಶ ರದ್ದಾಯಿತು. ವಕೀಲರ ಮುಖ್ಯಸ್ಥ ಜೆರೋಮ್ ಫ್ರ್ಯಾಂಕ್ ಮತ್ತು ಕೆಲವು ಸಹೋದ್ಯೋಗಿಗಳು ಕೆಲಸ ಕಳೆದುಕೊಂಡರು.

ಮುಂದಿನ ವರ್ಷಗಳಲ್ಲಿ ಒಕ್ಕಲಿನ ಪಾಲನ್ನು ಸರ್ಕಾರ ಹೆಚ್ಚಿಸಿತು. ಆಗ ಅನೇಕ ಧಣಿಗಳು ಒಕ್ಕಲನ್ನು ದಿನಗೂಲಿಯಾಗಿಸಿದರು, ಟ್ರ್ಯಾಕ್ಟರ್ ಕೊಂಡರು. ಕೂಲಿಯವನಿಗೆ ಸಹಾಯಧನದಲ್ಲಿ ಪಾಲು ಕೊಡಬೇಕೆಂಬ ನಿಯಮವಿರಲಿಲ್ಲ.